ಅರಿವಳಿಕೆ ಕೊಟ್ಟವನ ಹೆಸರು

ಆ ದಿನದ ಅರಿವಳಿಕೆ ದಾಖಲೆಯಲ್ಲಿ ನನ್ನ ಹೆಸರಿಲ್ಲ. ರೋಗಿಯನ್ನು ಮಲಗಿಸಿದವನು ನಾನು. ಅವನ ಗಂಟಲಿಗೆ ನಳಿಕೆ ಇಳಿಸಿದವನು ನಾನು. ಅವನ ಉಸಿರು ಮರಳದೆ ಹೋದಾಗ ರಬ್ಬರ್ ಚೀಲ ಒತ್ತುತ್ತ ಅವನ ಬದಲಿಗೆ ಉಸಿರಾಡಿದವನೂ ನಾನೇ. ದಾಖಲೆಯಲ್ಲಿ 'ಅರಿವಳಿಕೆ ತಜ್ಞ' ಎಂಬ ಸಾಲಿನ ಮುಂದೆ ಇನ್ನೊಬ್ಬರ ಸಹಿ ಇದೆ. ಅವರು ಆ ಹೊತ್ತಿನ ಬಹುಪಾಲು ಪಕ್ಕದ ಶೆಡ್ಡಿನ ಆಫೀಸಿನಲ್ಲಿ ಕುಳಿತಿದ್ದರು. ಉಸಿರು ನಿಂತದ್ದು ನಲವತ್ತು ನಿಮಿಷ ಎಂದು ಅದರಲ್ಲಿ ಬರೆದಿದೆ. ನನ್ನ ಲೆಕ್ಕದಲ್ಲಿ ಅದು ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ.

ನಾನು ನೆನಪನ್ನು ಸುಲಭವಾಗಿ ನಂಬುವವನಲ್ಲ. ನೆನಪು ತನಗೆ ಬೇಕಾದಂತೆ ಅಳತೆ ಹಿಗ್ಗಿಸುತ್ತದೆ, ಬರೆದಿಟ್ಟದ್ದನ್ನು ನೋಡು ಎಂದೇ ನನಗೆ ವಿಶ್ವವಿದ್ಯಾಲಯ ಕಲಿಸಿದ್ದು. ಆದರೆ ಇಲ್ಲಿ ಬರೆದಿಟ್ಟದ್ದು ಸುಳ್ಳೆಂದು ನನಗೆ ಖಚಿತವಾಗಿ ಗೊತ್ತು. ನೆನಪು ನಿಜವೆಂದು ಮಾತ್ರ ಗೊತ್ತಿಲ್ಲ. ಹಾಗಾಗಿ ಗೊತ್ತಿರುವುದನ್ನು ಗೊತ್ತೆಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳಿಕೊಂಡು ಮುಂದೆ ಹೋಗುತ್ತೇನೆ.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಾನು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದಲ್ಲಿದ್ದೆ. ನನ್ನ ಪಾಸ್‌ಪೋರ್ಟ್, ಪದವಿಯ ಮೂಲ ಪತ್ರಗಳು ಎಲ್ಲವೂ ಆಡಳಿತ ಕಚೇರಿಯ ಕಬ್ಬಿಣದ ಬೀರುವಿನಲ್ಲಿದ್ದವು. ಗಲ್ಫಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೌಕರನ ಪಾಸ್‌ಪೋರ್ಟನ್ನು ಕೆಲಸ ಕೊಟ್ಟವನೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ; ನಾವು ಅದನ್ನು ಕೇಳುವುದನ್ನೂ ಬಿಟ್ಟಿದ್ದೆವು. ಆಗಸ್ಟಿನ ಕೊನೆಗೆ ಆ ಕಚೇರಿಯ ಬಾಗಿಲಲ್ಲಿ ಸೈನಿಕರು ಕುಳಿತಿದ್ದರು. ಬೀರು ಒಡೆದಿತ್ತೆಂದು ಒಬ್ಬರು ಹೇಳಿದರು, ಸುಟ್ಟಿತ್ತೆಂದು ಇನ್ನೊಬ್ಬರು. ನಾನು ನೋಡಲಿಲ್ಲ.

ಮರುಭೂಮಿಯ ಹಾದಿಯಲ್ಲಿ ಸೌದಿಗೆ ಹೊರಟಿದ್ದ ಒಂದು ಕುವೈತಿ ಕುಟುಂಬ ನನ್ನನ್ನು ಜೊತೆಗೆ ಕರೆಯಿತು. ಮನೆಯ ಅಜ್ಜಿಗೆ ಶ್ವಾಸಕೋಶದ ಕಾಯಿಲೆ. ಎರಡು ಆಮ್ಲಜನಕದ ಸಿಲಿಂಡರ್ ಮತ್ತು ಅವನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಅವರಿಗೆ ಬೇಕಾಗಿತ್ತು. ಗಡಿಯಲ್ಲಿ ಕಾಗದ ಕೇಳಿದಾಗ ಮನೆಯ ಯಜಮಾನರು ನನ್ನ ಕಡೆ ಕೈ ತೋರಿಸಿ, "ಇವನು ನಮ್ಮ ಡ್ರೈವರ್," ಎಂದರು. ಬೇರೇನು ಹೇಳಿದ್ದರೂ ನನ್ನನ್ನು ಬಿಡುತ್ತಿರಲಿಲ್ಲ. ಕೆಲವು ದಿನಗಳ ನಂತರ ಸಾಲ್ವಾ ಗಡಿ ದಾಟಿ ಕತಾರಿಗೆ ಬಂದಾಗಲೂ ಅದೇ ಮಾತು ಮುಂದುವರಿಯಿತು. ಆ ಕುಟುಂಬಕ್ಕೆ ದೋಹಾ ಪಕ್ಕದ ಅಲ್ ಗರಾಫಾದಲ್ಲಿ ಒಂದು ವಿಲ್ಲಾ ಸಿಕ್ಕಿತು. ಗೇಟಿನ ಪಕ್ಕದ ಡ್ರೈವರ್ ಕೋಣೆ ನನ್ನದಾಯಿತು.

ನಮ್ಮ ರಾಯಭಾರ ಕಚೇರಿಯವರು ಮರ್ಯಾದೆಯಿಂದಲೇ ಮಾತಾಡಿದರು. ಊರಿಗೆ ಹಿಂದಿರುಗಲು ಒಂದು ತುರ್ತು ಪತ್ರ ಕೊಡುತ್ತೇವೆ, ಹೋಗಿ ಎಂದರು. ಹೋಗಬಹುದಿತ್ತು. ಆದರೆ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ನನ್ನದೇನೂ ತಪ್ಪಿಲ್ಲದೆ, ಗಡಿಯಲ್ಲಿ ಅಂಟಿಸಿದ ಒಂದು ಪದವನ್ನು ಹೊತ್ತುಕೊಂಡು ಹೋಗಲು ನನಗೆ ಒಪ್ಪಿಗೆಯಿರಲಿಲ್ಲ. ವೈದ್ಯ ಎಂದು ಮತ್ತೆ ಬರೆಸಿಕೊಂಡ ಮೇಲೆ ಹೋಗುವುದೋ ಇರುವುದೋ ನೋಡೋಣ ಎಂದುಕೊಂಡೆ. ಮೈಸೂರಿನಲ್ಲಿದ್ದ ತಮ್ಮನಿಗೆ ವಿಶ್ವವಿದ್ಯಾಲಯದಿಂದ ಪದವಿಪತ್ರಗಳ ದೃಢೀಕೃತ ಪ್ರತಿ ತೆಗೆಸಲು ಬರೆದೆ.

ನವೆಂಬರಿನಲ್ಲಿ ದೋಹಾದ ಮುಶೈರಿಬ್‌ನ ಒಂದು ಮಹಡಿಯ ಮೇಲಿನ ಕಚೇರಿಗೆ ಹೋದೆ. ಯುದ್ಧ ಬಂದೇ ಬರುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ. ಮೆಸಯೀದ್ ದಾರಿಯಲ್ಲಿ ಹೊರದೇಶದ ಸೈನಿಕರ ಒಂದು ಶಿಬಿರ ಎದ್ದಿತ್ತು. ಅದರ ಆಸ್ಪತ್ರೆಗೆ ಜನ ಒದಗಿಸುವ ಗುತ್ತಿಗೆ ಒಂದು ಖಾಸಗಿ ಕಂಪನಿಯದು. ಕಂಪನಿಯ ವೈದ್ಯಕೀಯ ಮುಖ್ಯಸ್ಥರು ಬೆಂಗಳೂರಿನವರು, ನನ್ನಂತೆಯೇ ಅರಿವಳಿಕೆ ಓದಿದವರು. ಕನ್ನಡ ಕೇಳಿ ನನಗೆ ಕಣ್ಣು ತುಂಬಿತ್ತು. ಅದನ್ನು ಒಪ್ಪಿಕೊಳ್ಳಲು ಈಗ ಸಿಟ್ಟು ಬರುತ್ತದೆ.

"ಎಲ್ಲಿ ಓದಿದ್ದು?"

"ಮೈಸೂರು ಸರ್. ಅರಿವಳಿಕೆ ಡಿಪ್ಲೊಮಾ ಕೂಡ ಅಲ್ಲೇ."

"ಅರೆ, ನಮ್ಮೋರೇ! ಪೇಪರ್ಸ್ ಎಲ್ಲಿ?"

"ಕುವೈತಲ್ಲಿ ಉಳೀತು. ತಮ್ಮ ಡೂಪ್ಲಿಕೇಟ್ ತೆಗೆಸ್ತಿದಾನೆ."

"ಹಂಗಾದ್ರೆ ಅದು ಬರೋವರ್ಗೂ ಓಟಿ ಟೆಕ್ನಿಷಿಯನ್ ಅಂತ ಹಾಕ್ತೀನಿ. ಕೆಲ್ಸ ನೀವು ಮಾಡಿ, ಸಹಿ ನಾನು ಮಾಡ್ತೀನಿ. ಪೇಪರ್ ಬಂದ ಮಾರನೇ ದಿನ ನಿಮ್ಮ ಲೈಸೆನ್ಸ್‌ಗೆ ನಾನೇ ಲೆಟರ್ ಕೊಡ್ತೀನಿ. ಖುಷಿ ತಾನೇ?"

ನಾನು ಥ್ಯಾಂಕ್ಸ್ ಎಂದೆ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನಾಚಿಕೆ ತರುವ ಮಾತು ಅದು.

ಶಿಬಿರದಲ್ಲಿ ನಮಗೆ ಸೇನೆಯ ಉಡುಪು ಕೊಟ್ಟರು. ಹೆಗಲ ಪಟ್ಟಿಯಲ್ಲಿ ಏನೂ ಇರಲಿಲ್ಲ. ಬೆಳಗಿನ ಐದಕ್ಕೆ ಹಾಜರಿ, ಸ್ಟ್ರೆಚರ್ ಹೊತ್ತು ಓಡುವ ತಾಲೀಮು, ವಿಷಾನಿಲ ತಗುಲಿದವರ ಬಟ್ಟೆ ಕತ್ತರಿಸಿ ತೊಳೆಯುವ ತಾಲೀಮು, ಮಧ್ಯಾಹ್ನ ಉಪಕರಣಗಳ ಪರೀಕ್ಷೆ. ಸೈನಿಕರಿಗೆ ಇದ್ದ ಕಟ್ಟುಪಾಡುಗಳೆಲ್ಲ ನಮಗೂ ಇದ್ದವು. ಜನವರಿಯ ಮೊದಲ ವಾರ ಗ್ಯಾಸ್ ಮಾಸ್ಕ್ ಹಂಚಿದಾಗ ಮಾತ್ರ ಪಟ್ಟಿ ಓದಿದರು: ಸೈನಿಕರಿಗೆ, ವೈದ್ಯರಿಗೆ, ನರ್ಸ್‌ಗಳಿಗೆ. ಟೆಕ್ನಿಷಿಯನ್ನರು, ಡ್ರೈವರ್‌ಗಳು, ಅಡುಗೆಯವರು, ಕ್ಲೀನರ್‌ಗಳಿಗೆ ಒಂದು ಕಾಗದ ಕೊಟ್ಟರು. ಸೈರನ್ ಕೇಳಿದರೆ ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಳ್ಳಿ ಎಂದು ಅದರಲ್ಲಿ ಮೂರು ಭಾಷೆಗಳಲ್ಲಿ ಅಚ್ಚಾಗಿತ್ತು. ನಾನು ಮುಖ್ಯಸ್ಥರನ್ನು ಕೇಳಿದೆ. "ನೋಡೋಣ ಕಣಯ್ಯ, ಸೆಕೆಂಡ್ ಲಾಟ್‌ನಲ್ಲಿ ಬರುತ್ತೆ," ಎಂದರು. ಬರಲಿಲ್ಲ.

ನನಗೆ ಅರಿವಳಿಕೆ ಕಲಿಸಿದ ಮೇಷ್ಟ್ರು ತಮ್ಮ ಗುರುವೊಬ್ಬರ ಕಥೆ ಹೇಳುತ್ತಿದ್ದರು. ಅವರು ವಿಯೆನ್ನಾದ ಯಹೂದಿ ವೈದ್ಯರು; ಹಿಟ್ಲರನ ಕಾಲದಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದವರು. ಯುದ್ಧ ಶುರುವಾದ ದಿನ ಬ್ರಿಟಿಷರು ಅವರನ್ನು ಶತ್ರು ದೇಶದವನೆಂದು ಹಿಡಿದು ಮುಳ್ಳುತಂತಿಯ ಶಿಬಿರದಲ್ಲಿ ಕೂರಿಸಿದರಂತೆ. ಯಾವ ದೇಶದಿಂದ ಜೀವ ಉಳಿಸಿಕೊಂಡು ಓಡಿಬಂದಿದ್ದರೋ ಅದೇ ದೇಶದ ಪ್ರಜೆ ಎಂಬುದೇ ಅಪರಾಧ. ಕೆಲವು ತಿಂಗಳ ನಂತರ ಸೇನೆಗೆ ವೈದ್ಯರು ಸಾಲದಾದಾಗ ಅದೇ ಕೈಗಳು ಬಂದು ಬಿಡಿಸಿ, ಸಮವಸ್ತ್ರ ತೊಡಿಸಿದವು. ವಿದ್ಯಾರ್ಥಿಯಾಗಿದ್ದಾಗ ನಾನು ಈ ಕಥೆಯನ್ನು ಅರ್ಧ ಮಾತ್ರ ನಂಬಿದ್ದೆ. ಮೇಷ್ಟ್ರುಗಳ ಕಥೆಗಳು ವರ್ಷ ವರ್ಷ ಬೆಳೆಯುತ್ತವೆ. ಶಿಬಿರದಲ್ಲಿ ಅದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಹೋಲಿಸಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಅವರಿಗೆ ಹಿಂದಿರುಗಲು ದೇಶವೂ ಉಳಿದಿರಲಿಲ್ಲ, ಮನೆಯವರೂ ಉಳಿದಿರಲಿಲ್ಲ. ನನಗೆ ಮೈಸೂರಿನಲ್ಲಿ ಬಿಸಿ ಅನ್ನ ಕಾದಿತ್ತು. ಆದರೆ ಒಂದು ವಿಷಯ ಮಾತ್ರ ಅರ್ಥವಾಗಿತ್ತು. ಕೆಲಸಕ್ಕೆ ಬೇಕಾದಾಗ ಕೈ ಬೇಕು, ಹೆಸರು ಬೇಡ. ಮೇಲಾಗಿ ಕೃತಜ್ಞತೆಯೂ ಬೇಕು.

ಬಾಂಬ್ ದಾಳಿ ಶುರುವಾದ ಮೊದಲ ವಾರ, ಒಂದು ಬೆಳಿಗ್ಗೆ ಎಂಟರ ಹೊತ್ತಿಗೆ, ನಮ್ಮ ಥಿಯೇಟರಿಗೆ ಮೊದಲ ರೋಗಿ ಬಂದ. ಯುದ್ಧದ ಗಾಯಾಳು ಅಲ್ಲ. ಶಿಬಿರಕ್ಕೆ ನೀರಿನ ಟ್ಯಾಂಕರ್ ತರುತ್ತಿದ್ದ ಡ್ರೈವರ್, ಬಂಟ್ವಾಳದ ಕಡೆಯ ಬ್ಯಾರಿ, ನಲವತ್ತರ ಆಸುಪಾಸಿನವನು. ನಾನು ಕನ್ನಡದವನೆಂದು ತಿಳಿದ ದಿನದಿಂದ ದಾರಿಯಲ್ಲಿ ಹಾರ್ನ್ ಹೊಡೆದು ಮಾತಾಡಿಸುತ್ತಿದ್ದ.

"ಎಂತ ಡಾಕ್ಟ್ರೇ, ಎರಡು ದಿನದಿಂದ ಹೊಟ್ಟೆ ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡುವ ಹಾಗೆ ಆಗ್ತದೆ."

"ನಾನು ಇಲ್ಲಿ ಟೆಕ್ನಿಷಿಯನ್ ಕಣ್ರೀ. ಹಂಗನ್ಬೇಡಿ, ಯಾರಾದ್ರೂ ಕೇಳಿಸ್ಕೊಂಡಾರು."

"ಆಯ್ತು ಮಾರಾಯ್ರೇ, ಟೆಕ್ನಿಷಿಯನ್ ಡಾಕ್ಟ್ರೇ. ಈ ಹೊಟ್ಟೆಗೆ ಎಂತಾದ್ರೂ ಮಾಡಿ."

ಶಸ್ತ್ರವೈದ್ಯರು ವಯಸ್ಸಾದ ಈಜಿಪ್ಟಿನವರು. ಬಲಗಡೆ ಕೆಳಹೊಟ್ಟೆ ಒತ್ತಿದರು, ನೋವೆಂದ. ವಾಂತಿ ಆಗಿತ್ತು, ಭೇದಿಯೂ ಇತ್ತು. ರಕ್ತ ಪರೀಕ್ಷೆಯ ಯಂತ್ರ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. "ಒಂದು ದಿನ ಮಲಗಿಸಿ ನೋಡೋಣ," ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ. ಆದರೆ ಮುಖ್ಯಸ್ಥರಿಗೆ ಹಾಸಿಗೆಗಳು ಖಾಲಿ ಇರಬೇಕಿತ್ತು. ಆಂಬುಲೆನ್ಸ್ ಶಿಬಿರ ಬಿಟ್ಟು ದೋಹಾಕ್ಕೆ ಹೋಗುವಂತಿರಲಿಲ್ಲ. ಜೊತೆಗೆ ಸೇನೆಯ ಅಧಿಕಾರಿಗಳ ಮುಂದೆ ಥಿಯೇಟರ್ ಓಡುತ್ತದೆಂದು ತೋರಿಸಬೇಕಿತ್ತು. "ಅಪೆಂಡಿಕ್ಸ್ ತಾನೇ? ಥಿಯೇಟರ್‌ಗೂ ಒಂದು ಟ್ರಯಲ್ ಆಗ್ಲಿ," ಎಂದು ಕನ್ನಡದಲ್ಲಿ ನನಗೆ ಹೇಳಿ ಆಫೀಸಿಗೆ ಹೋದರು. ಒಬ್ಬ ಮನುಷ್ಯನ ಹೊಟ್ಟೆ ಕೊಯ್ಯುವುದನ್ನು ಟ್ರಯಲ್ ಎಂದ ಆ ಮಾತಿನ ಬಗ್ಗೆ ನನ್ನ ನೆನಪಿಗೆ ಯಾವ ಸಂಶಯವೂ ಇಲ್ಲ.

ಅರಿವಳಿಕೆಗೆ ಮೊದಲು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿವೆ. ಕೊನೆಯ ಊಟ ಯಾವಾಗ, ಕಟ್ಟಿಸಿದ ಹಲ್ಲು ಇದೆಯೆ, ಹಿಂದೆ ಆಪರೇಷನ್ ಆಗಿದೆಯೆ, ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದಾನೆಯೆ. ನಮ್ಮಲ್ಲಿ ಅಚ್ಚಾದ ಫಾರ್ಮ್ ಇತ್ತು. ಗಾಯಾಳುಗಳು ಒಟ್ಟಿಗೆ ಬಂದರೆ ಸಮಯ ಉಳಿಯಲೆಂದು ಮುಖ್ಯಸ್ಥರು ಐವತ್ತು ಫಾರ್ಮ್‌ಗಳನ್ನು ಮೊದಲೇ ತುಂಬಿ ಸಹಿ ಹಾಕಿ ಇಟ್ಟಿದ್ದರು. 'ಈಗಿನ ಔಷಧಿಗಳು' ಎಂಬಲ್ಲಿ ಐವತ್ತರಲ್ಲೂ 'ಇಲ್ಲ' ಎಂದಿತ್ತು.

ಹಾಗಿದ್ದರೂ ಕೇಳಬೇಕಾದವನು ನಾನು. ಕೇಳಿದೆನೆ? ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ, ಎರಡೂ ಒಂದೇ ಸಮ ಸ್ಪಷ್ಟ. ಒಂದರಲ್ಲಿ ನಾನು ಅವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತ, "ಮಾತ್ರೆ ಗೀತ್ರೆ ಏನಾದ್ರೂ ತಗೋತೀರಾ?" ಎನ್ನುತ್ತೇನೆ, ಅವನು ತಲೆಯಾಡಿಸುತ್ತಾನೆ. ಇನ್ನೊಂದರಲ್ಲಿ ಪಟ್ಟಿ ಸುತ್ತುತ್ತಿರುವಾಗಲೇ ಸಿಲಿಂಡರಿನ ಕೀಲಿ ಎಲ್ಲೆಂದು ಯಾರೋ ಹೊರಗಿನಿಂದ ಕೂಗುತ್ತಾರೆ. ನಾನು ಎದ್ದು ಹೋಗುತ್ತೇನೆ. ಮರಳಿ ಬಂದಾಗ ಶಸ್ತ್ರವೈದ್ಯರು ಕೈಗವಸು ತೊಟ್ಟು "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಪಡಿಸುತ್ತಿರುತ್ತಾರೆ. ಎರಡರಲ್ಲಿ ಒಂದು ನಡೆಯಲೇ ಇಲ್ಲ.

ನಾಡಿ ಐವತ್ತಾರು. ಅವನ ಬಾಯಲ್ಲಿ ನೀರು ತುಂಬಿ ತುಂಬಿ ಬರುತ್ತಿತ್ತು, ಎರಡು ಸಲ ಒರೆಸಿದೆ. ಹಣೆ ಬೆವರಿತ್ತು. ಹೆದರಿದ್ದಾನೆ ಎಂದುಕೊಂಡೆ. ಹೆದರಿದವನ ನಾಡಿ ಓಡುತ್ತದೆ, ನಿಧಾನವಾಗುವುದಿಲ್ಲ. ಬಾಯಿ ಒಣಗುತ್ತದೆ, ನೀರೂರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು. ನಾನು ನಾಡಿ ಏರಿಸಿ ಬಾಯಿ ಒಣಗಿಸುವ ಅಟ್ರೋಪಿನ್ ಕೊಟ್ಟು ಮುಂದುವರಿದೆ.

ಥಿಯೋಪೆಂಟೋನ್ ಕೊಟ್ಟು ನಿದ್ದೆ ಬರಿಸಿ, ನಳಿಕೆ ಇಳಿಸಲು ಸ್ಕೋಲಿನ್ ಕೊಟ್ಟೆ. ಸ್ಕೋಲಿನ್ ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುತ್ತದೆ, ಉಸಿರಾಟದ ಸ್ನಾಯುಗಳನ್ನೂ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಐದಾರು ನಿಮಿಷದಲ್ಲಿ ಒಡೆದುಹಾಕುತ್ತದೆ, ರೋಗಿ ತಾನಾಗಿ ಉಸಿರೆಳೆಯುತ್ತಾನೆ. ಆಮೇಲೆ ಹೆಚ್ಚು ಹೊತ್ತು ಕೆಲಸ ಮಾಡುವ ಬೇರೊಂದು ಔಷಧಿ ಕೊಡುವುದು ಕ್ರಮ. ಆ ಔಷಧಿಯ ಡಬ್ಬಗಳು 'ಯುದ್ಧದ ಗಾಯಾಳುಗಳಿಗೆ ಮೀಸಲು' ಎಂಬ ಚೀಟಿಯ ಹಿಂದೆ ಬೀಗದಲ್ಲಿದ್ದವು. ಟ್ಯಾಂಕರ್ ಡ್ರೈವರಿಗೆ ಅವು ಸಿಗುತ್ತಿರಲಿಲ್ಲ. ಹ್ಯಾಲೋಥೇನ್ ಅನಿಲದ ಮೇಲೆ, ಕೈಯಲ್ಲಿ ಚೀಲ ಒತ್ತುತ್ತ ನಡೆಸಿದೆ.

ಹೊಟ್ಟೆ ಬೆಣ್ಣೆಯಂತೆ ಮೆತ್ತಗಿದೆ, ಇಷ್ಟು ಒಳ್ಳೆಯ ಅರಿವಳಿಕೆ ನೋಡಿ ಬಹಳ ದಿನವಾಯಿತು ಎಂದು ಶಸ್ತ್ರವೈದ್ಯರು ಹೊಗಳಿದರು. ಹೊಗಳಿಕೆ ಹಿತವಾಗಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಅದೇ ಹೊಗಳಿಕೆ ನನ್ನನ್ನು ಹೆದರಿಸಿತು. ಒಂದೇ ಒಂದು ಸ್ಕೋಲಿನ್‌ಗೆ ಇಷ್ಟು ಹೊತ್ತು ಹೊಟ್ಟೆ ಮೆತ್ತಗಿರಬಾರದು. ಚೀಲ ಬಿಟ್ಟು ನೋಡಿದೆ. ಎದೆ ಏಳಲಿಲ್ಲ. ಮತ್ತೆ ಒತ್ತಿದೆ.

"ನಾರ್ಮಲ್," ಎಂದರು ಶಸ್ತ್ರವೈದ್ಯರು. ಅಪೆಂಡಿಕ್ಸ್ ಮಾಸದ ದಾರದಂತೆ ಬೆಳ್ಳಗಿತ್ತು. ಏನೂ ಆಗಿರಲಿಲ್ಲ. ಆದರೂ ತೆಗೆದು, ಹೊಲಿದು ಮುಗಿಸಿದರು. ಹ್ಯಾಲೋಥೇನ್ ನಿಲ್ಲಿಸಿದೆ. ರೋಗಿ ಕಲ್ಲಿನಂತೆ ಮಲಗಿದ್ದ.

"ಸಾರೇ, ಶ್ವಾಸಂ ವರುನ್ನಿಲ್ಲಲ್ಲೋ," ಎಂದರು ಎದೆ ಏಳದ್ದನ್ನು ನೋಡುತ್ತಿದ್ದ ಮಲಯಾಳಿ ನರ್ಸ್.

ಮುಖ್ಯಸ್ಥರನ್ನು ಕರೆಸಿದರು. ಅವರು ಬಾಗಿಲಲ್ಲೇ ನಿಂತು, "ರಿವರ್ಸ್ ಮಾಡಿ. ನಿಯೋಸ್ಟಿಗ್ಮಿನ್ ಕೊಡಿ," ಎಂದರು. ಹೆಚ್ಚು ಹೊತ್ತು ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಇಳಿಸಲು ಕೊಡುವ ಮದ್ದು ಅದು.

"ಸರ್, ರಿವರ್ಸ್ ಆಗೋ ಔಷಧಿ ನಾನು ಕೊಟ್ಟೇ ಇಲ್ಲ. ಸ್ಕೋಲಿನ್ ಒಂದೇ. ಅದಕ್ಕೆ ನಿಯೋಸ್ಟಿಗ್ಮಿನ್ ಕೊಟ್ರೆ ಆ ಕಿಣ್ವನೂ ಕಟ್ಟಿಹೋಗುತ್ತೆ, ಇನ್ನೂ ಲೇಟಾಗುತ್ತೆ."

"ಪಾಠ ಬೇಡ. ಕೊಟ್ಟು ನೋಡಿ."

"ಕಾಯೋಣ ಸರ್. ಚೀಲ ಒತ್ತುತಿದೀನಿ, ಬಣ್ಣ ಚೆನ್ನಾಗಿದೆ."

"ರೆಕಾರ್ಡಲ್ಲಿ ಅನಸ್ತಟಿಸ್ಟ್ ಯಾರು ಕಣಯ್ಯ? ನಾನಾ, ನೀನಾ?"

ಅವರೇ ಸಿರಿಂಜಿಗೆ ಔಷಧಿ ಎಳೆದುಕೊಂಡರು. ಅದು ಅವರ ಹಕ್ಕಾಗಿತ್ತು. ಕಾನೂನಿನ ಪ್ರಕಾರ ಆ ಕೋಣೆಯಲ್ಲಿ ಅರಿವಳಿಕೆ ತಿಳಿದವರು ಅವರೊಬ್ಬರೇ. ನನ್ನ ಬಲಗೈ ಚೀಲದ ಮೇಲಿತ್ತು. ಎಡಗೈಯನ್ನು ರೋಗಿಯ ಮುಂಗೈಯಲ್ಲಿದ್ದ ಸೂಜಿಯ ಮೇಲೆ ಮುಚ್ಚಿ ಇಟ್ಟೆ. ನನ್ನ ಪತ್ರಗಳು ಮೈಸೂರಿನಿಂದ ಬಂದು ಎರಡು ದಿನವಾಗಿತ್ತು, ಅವರ ಮೇಜಿನ ಮೇಲೆಯೇ ಇದ್ದವು. ಈ ಕೈ ತೆಗೆಯದಿದ್ದರೆ ಅವು ಅಲ್ಲೇ ಇರುತ್ತವೆ ಎಂಬುದು ಆ ಕ್ಷಣದಲ್ಲೇ ಗೊತ್ತಿತ್ತು.

"ಕೊಡೋದಾದ್ರೆ ಕೊಡಿ ಸರ್," ಎಂದೆ. "ಆದ್ರೆ ಕೊಟ್ಟ ಮೇಲೆ ಈ ಚೀಲ ನೀವೇ ಹಿಡ್ಕೋಬೇಕು. ಎಷ್ಟು ಗಂಟೆ ಆದ್ರೂ. ನಾನು ಟೆಕ್ನಿಷಿಯನ್, ಹೊರಗೆ ಹೋಗ್ತೀನಿ."

ಅವರು ಚೀಲ ನೋಡಿದರು. ಸಿರಿಂಜ್ ನೋಡಿದರು. ಅವರು ಚೀಲ ಹಿಡಿದು ಎಷ್ಟು ವರ್ಷವಾಗಿತ್ತೋ ಏನೋ. ಸಿರಿಂಜನ್ನು ತಟ್ಟೆಯಲ್ಲಿಟ್ಟು, "ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ," ಎಂದರು. ದಾಖಲೆಯಲ್ಲಿ ಇಲ್ಲದ ತಲೆಯ ಮೇಲೆ!

ಅವರು ಹೊರಗೆ ಹೋದ ಮೇಲೆ ಇನ್ನೊಂದು ಹೆದರಿಕೆ ಹಿಡಿಯಿತು. ಮೈ ಸೋತಿದ್ದರೂ ಮನಸ್ಸಿಗೆ ಎಚ್ಚರವಾದರೆ? ಅಲುಗಲಾರದೆ, ಎಲ್ಲ ಕೇಳಿಸಿಕೊಳ್ಳುತ್ತ ಮಲಗಿದ್ದರೆ? ನೈಟ್ರಸ್ ಆಕ್ಸೈಡ್ ಜೊತೆಗೆ ಹ್ಯಾಲೋಥೇನನ್ನು ಮತ್ತೆ ಅತಿ ಸಣ್ಣಗೆ ತೆರೆದೆ. ನರ್ಸಿಗೆ ಅವನ ಅಂಗಿ ಪ್ಯಾಂಟಿನ ಜೇಬು ನೋಡಲು ಹೇಳಿದೆ. ಯಾವುದಾದರೂ ಕಾಯಿಲೆಯ ಚೀಟಿ ಇದ್ದೀತು ಎಂಬ ಆಸೆ. ಅವರು ತಂದದ್ದು ಮಾತ್ರೆ ಒತ್ತಿ ತೆಗೆಯುವ ಒಂದು ಪಟ್ಟಿ. ಮುಕ್ಕಾಲು ಖಾಲಿ. ಮೇಲೆ ಸೇನೆಯ ಗುರುತು.

ವಿಷಾನಿಲದ ದಾಳಿಯಾದರೆ ಕಾಪಾಡಲೆಂದು ಸೈನಿಕರಿಗೆ ಹಂಚಿದ್ದ ಪಿರಿಡೋಸ್ಟಿಗ್ಮಿನ್ ಅದು, ನಿಯೋಸ್ಟಿಗ್ಮಿನ್‌ನ ಒಡಹುಟ್ಟು. ಸ್ಕೋಲಿನ್ ಒಡೆಯುವ ಕಿಣ್ವವನ್ನು ಅದೂ ಕಟ್ಟಿಹಾಕುತ್ತದೆ. ಹೆಚ್ಚು ನುಂಗಿದರೆ ಹೊಟ್ಟೆ ಹಿಂಡುತ್ತದೆ, ಭೇದಿಯಾಗುತ್ತದೆ, ಬಾಯಲ್ಲಿ ನೀರೂರುತ್ತದೆ, ನಾಡಿ ನಿಧಾನವಾಗುತ್ತದೆ. ಎಲ್ಲವೂ ನನ್ನ ಕಣ್ಣ ಮುಂದೆಯೇ ಇತ್ತು. ಒಂದು ಪ್ರಶ್ನೆ ಕೇಳಿ ಉತ್ತರ ಪಡೆದಿದ್ದರೆ ಇವನ ಹೊಟ್ಟೆಗೆ ಚಾಕು ತಾಗಬೇಕಿರಲಿಲ್ಲ.

ಅಷ್ಟರಲ್ಲಿ ಸೈರನ್ ಕೂಗಿತು. ಹೊರಗೆ ಬೂಟುಗಳು ಓಡಿದವು. ಶಸ್ತ್ರವೈದ್ಯರು ಮಾಸ್ಕ್ ಎಳೆದುಕೊಂಡು ಬಾಗಿಲ ತನಕ ಹೋಗಿ, ಮರಳಿ ಬಂದು ಗೋಡೆಗೊರಗಿ ನಿಂತರು. ನರ್ಸ್ ಮಾಸ್ಕ್ ಹಾಕಿಕೊಂಡರು. ಒಂದು ನಿಮಿಷದಲ್ಲಿ ಕಿತ್ತು ಕೆಳಗಿಟ್ಟರು. ಗಾಜು ಮಂಜಾಗುತ್ತದೆ, ನಾಡಿ ಎಣಿಸುವಾಗ ಗಡಿಯಾರ ಕಾಣುವುದಿಲ್ಲ ಎಂದರು. ನಾನು ಮತ್ತು ರೋಗಿ ಮೊದಲಿನಂತೆಯೇ ಇದ್ದೆವು. ಒದ್ದೆ ಟವೆಲ್ ಕಟ್ಟಿಕೊಳ್ಳಲು ನನಗೆ ಕೈ ಖಾಲಿ ಇರಲಿಲ್ಲ. ಅದು ಸುಳ್ಳು ಸೈರನ್ ಎಂದು ಕಾಲು ಗಂಟೆಯ ನಂತರ ತಿಳಿಯಿತು.

ಚೀಲ ಒತ್ತುವುದು, ಬಿಡುವುದು. ಬಲಗೈ ಜೋಮು ಹಿಡಿದಾಗ ಎಡಗೈ, ಎಡಗೈ ಹಿಡಿದಾಗ ಬಲಗೈ. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮಧ್ಯಾಹ್ನದ ನಮಾಜಿನ ಕರೆ ಕೇಳಿಸಿದ ಎಷ್ಟೋ ಹೊತ್ತಿನ ಮೇಲೆ ಅವನ ಎದೆಯ ಕೆಳಗೆ ಬಿಕ್ಕಳಿಕೆಯಂಥ ಒಂದು ಸಣ್ಣ ಎಳೆತ ಬಂತು. ಮತ್ತೊಂದು. ನಂತರ ಚೀಲ ತಾನಾಗಿ ಒಂದಿಷ್ಟು ಸೊರಗಿತು, ತುಂಬಿತು. "ಕಣ್ ಬಿಡಿ, ತಲೆ ಎತ್ತಿ," ಎಂದೆ. ಎತ್ತಲಿಲ್ಲ. ಇನ್ನೂ ಹತ್ತು ನಿಮಿಷ ಕಳೆದು ಎತ್ತಿದ, ಐದು ಎಣಿಸುವವರೆಗೆ ಹಿಡಿದ. ನಳಿಕೆ ತೆಗೆದೆ.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದೆ.

"ಗಂಟಲು ಎಂತ ಕೆತ್ತಿ ಹಾಕಿದ್ದೀರಿ ಡಾಕ್ಟ್ರೇ, ಎಂಜಲು ನುಂಗ್ಲಿಕ್ಕೆ ಆಗುದಿಲ್ಲ. ಆಪರೇಷನ್ ಹೊಟ್ಟೆಗಲ್ವಾ?"

"ಆ ಮಾತ್ರೆ ಎಲ್ಲಿಂದ ಬಂತು?"

ಅವನು ಆಚೀಚೆ ನೋಡಿದ. "ನೀರು ಬಿಡುವಲ್ಲಿ ಒಬ್ಬ ಸೋಲ್ಜರ್ ಉಂಟು, ಒಳ್ಳೇ ಹುಡುಗ. ನಾನು ಮೀನು ಫ್ರೈ ಕೊಂಡೋಗಿ ಕೊಡ್ತಿದ್ದೆ. ಅವ ಬಿಸ್ಕೆಟು, ಜ್ಯಾಮು ಕೊಡ್ತಿದ್ದ. ಅದರೊಟ್ಟಿಗೆ ಇದನ್ನೂ ಕೊಟ್ಟ. ನಮಗೆ ಮಾಸ್ಕ್ ಮಾಫಿ, ಇಲ್ವೇ ಇಲ್ಲ, ಎಂತ ಮಾಡುದು? ಇದಾದ್ರೂ ಇರ್ಲಿ ಅಂತ."

"ದಿನಕ್ಕೆ ಎಷ್ಟು ತಗೊಂಡ್ರಿ?"

"ಎಂಟು ಗಂಟೆಗೊಂದು ಅಂತ ಹೇಳಿದ್ದ ಅವ. ಟ್ಯಾಂಕರ್ ಬಿಡುವಾಗ ಎಂಟು ಗಂಟೆ ಯಾರು ಲೆಕ್ಕ ಇಡ್ತಾರೆ ಮಾರಾಯ್ರೇ? ನಮಾಜು ಆದ್ರೆ ಮರ್ತುಹೋಗುದಿಲ್ಲ. ಪ್ರತಿ ನಮಾಜಿಗೊಂದು ಅಂತ ಮಾಡಿಕೊಂಡೆ. ಎರಡು ಹೆಚ್ಚಾದ್ರೆ ಜೀವಕ್ಕೆ ಒಳ್ಳೇದೇ ಅಲ್ವಾ?"

ಮೂರರ ಬದಲು ಐದು. ಅದರಿಂದಲೇ ಅಷ್ಟು ಹೊತ್ತು ಉಸಿರು ನಿಂತೀತೆ? ಅವನ ರಕ್ತದಲ್ಲೇ ಹುಟ್ಟಿನಿಂದ ಆ ಕಿಣ್ವದ ಕೊರತೆಯೂ ಸ್ವಲ್ಪ ಇದ್ದಿರಬಹುದು, ಎರಡೂ ಸೇರಿರಬಹುದು. ಅದನ್ನು ಅಳೆಯುವ ಸೌಕರ್ಯ ನಮ್ಮಲ್ಲಿರಲಿಲ್ಲ.

"ಬೇರೆಯವರ ಹತ್ರನೂ ಇದೆಯಾ?"

"ನಮ್ಮ ಶೆಡ್ಡಲ್ಲಿ ಎಲ್ಲರ ಹತ್ರ ಉಂಟು. ಅಡುಗೆಯವರ ಹತ್ರವೂ."

ಕೊನೆಗೆ ಕೇಳಿದೆ: "ನಿನ್ನೆ ನಾನು ಮಾತ್ರೆ ಬಗ್ಗೆ ಕೇಳಿದ್ನಾ ನಿಮ್ಮನ್ನ?"

ಅವನು ನನ್ನ ಮುಖವನ್ನೇ ನೋಡಿದ. "ಕೇಳಿದ್ರಿ ಡಾಕ್ಟ್ರೇ. ನಾನೇ ಹೇಳ್ಲಿಲ್ಲ." ದನಿ ತಗ್ಗಿಸಿ, "ಯಾರಾದ್ರೂ ವಿಚಾರಣೆಗೆ ಬಂದ್ರೆ ಹೇಗೆ ಹೇಳ್ಬೇಕು ಅಂತ ಹೇಳಿ, ಹಾಗೇ ಹೇಳ್ತೇನೆ. ನೀವು ನನ್ನ ಜೀವ ಉಳಿಸಿದವರು," ಎಂದ. ಅಲ್ಲಿಗೆ ಅವನ ಸಾಕ್ಷ್ಯವೂ ಹೋಯಿತು.

ಮಧ್ಯಾಹ್ನ ಮುಖ್ಯಸ್ಥರು ಕರೆದು ಕೂರಿಸಿದರು. ಚಹಾ ತರಿಸಿದರು. ದಾಖಲೆ ಮೇಜಿನ ಮೇಲಿತ್ತು. 'ರೋಗಿಗೆ ಆನುವಂಶಿಕ ಕಿಣ್ವದ ಕೊರತೆ. ನಲವತ್ತು ನಿಮಿಷ ಉಸಿರಾಟಕ್ಕೆ ನೆರವು.' ಮಾತ್ರೆಯ ಸುದ್ದಿಯೇ ಇಲ್ಲ.

"ಮಾತ್ರೆ ಸಿಕ್ತಲ್ಲ ಸರ್," ಎಂದೆ.

"ಸಿಕ್ತು. ಬರೆದ್ರೆ ಏನಾಗುತ್ತೆ ಗೊತ್ತಾ? ನಮ್ಮ ವರ್ಕರ್ಸ್ ಸೋಲ್ಜರ್ಸ್ ಮಾತ್ರೆ ಯಾಕೆ ತಿಂತಿದಾರೆ ಅಂತ ಕೇಳ್ತಾರೆ. ಅವರಿಗೆ ನೀವು ಏನು ಕೊಟ್ಟಿದೀರಿ ಅಂತ ಕೇಳ್ತಾರೆ. ಕಾಂಟ್ರಾಕ್ಟೇ ಹೋಗುತ್ತೆ. ಆ ಡ್ರೈವರ್‌ದೂ ಕೆಲ್ಸ ಹೋಗುತ್ತೆ, ಯೋಚ್ನೆ ಮಾಡು."

"ನಾಳೆ ಅಡುಗೆಯವನೊಬ್ಬ ಟೇಬಲ್ ಮೇಲೆ ಬಂದ್ರೆ? ಆಗ ನಾನಿಲ್ದೆ ಬೇರೆ ಯಾರಾದ್ರೂ ಇದ್ದು, ಸ್ಕೋಲಿನ್ ಕೊಟ್ಟು, ಆಮೇಲೆ ನಿಯೋಸ್ಟಿಗ್ಮಿನ್ನೂ ಕೊಟ್ರೆ?"

"ನೀನು ಇರ್ತೀಯಲ್ಲಪ್ಪ! ಅದಕ್ಕೇ ಹೇಳ್ತಿರೋದು." ನನ್ನ ಪತ್ರಗಳಿದ್ದ ಲಕೋಟೆಯನ್ನು ಮುಂದೆ ತಳ್ಳಿದರು. ಮೇಲೆ ಟೈಪ್ ಮಾಡಿದ ಶಿಫಾರಸು ಪತ್ರ ಇತ್ತು. "ನಾಳೆ ಕಳಿಸ್ತೀನಿ. ಒಂದೇ ತಿಂಗ್ಳು, ಡಾಕ್ಟ್ರು ಅಂತ ಬೋರ್ಡ್ ಹಾಕ್ಕೋ. ಈ ವಿಷ್ಯ ಇಲ್ಲಿಗೆ ಖಲಾಸ್."

ಶಿಫಾರಸು ಪತ್ರ ಓದಿದೆ. ನನ್ನ ಹೆಸರಿನ ಹಿಂದೆ 'ಡಾ.' ಎಂದಿತ್ತು. ಐದು ತಿಂಗಳಲ್ಲಿ ಮೊದಲ ಸಲ ಅದನ್ನು ಅಚ್ಚಿನಲ್ಲಿ ನೋಡಿದ್ದು. ಆಸೆಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿ ಹೇಳುತ್ತೇನೆಂದು ಎದ್ದುಬಂದೆ. ಎರಡು ಗಂಟೆ ಯೋಚಿಸಿದೆ. ಆ ಎರಡು ಗಂಟೆಯಲ್ಲಿ ನನ್ನನ್ನು ಕಾಡಿದ್ದು ನ್ಯಾಯ ಅನ್ಯಾಯಕ್ಕಿಂತ ಹೆಚ್ಚಾಗಿ ಆ ಐವತ್ತು ಫಾರ್ಮ್‌ಗಳು. ಉಳಿದ ನಲವತ್ತೊಂಬತ್ತರಲ್ಲಿ 'ಇಲ್ಲ' ಎಂಬ ಉತ್ತರ ಈಗಾಗಲೇ ಬರೆದಿತ್ತು. ರೋಗಿಗಳು ಮಾತ್ರ ಇನ್ನೂ ಬಂದಿರಲಿಲ್ಲ.

ಬಿಳಿ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಶಿಬಿರದ ಕೆಲಸಗಾರರು ಸೈನಿಕರ ಮಾತ್ರೆ ನುಂಗುತ್ತಿದ್ದಾರೆ. ಅವರಿಗೆ ಮಾಸ್ಕ್ ಕೊಡದಿರುವುದೇ ಕಾರಣ. ಪ್ರತಿಯೊಬ್ಬರನ್ನೂ ಮಾತ್ರೆಯ ಪಟ್ಟಿ ತೋರಿಸಿಯೇ ಕೇಳಬೇಕು. ನುಂಗಿದ್ದರೆ ಸ್ಕೋಲಿನ್ ಬೇಡ. ಕೊಟ್ಟು ಉಸಿರು ಬಾರದಿದ್ದರೆ ನಿಯೋಸ್ಟಿಗ್ಮಿನ್ ಬೇಡ, ಕಾಯಿರಿ. ಡ್ರೈವರನ ಹೆಸರಾಗಲಿ ಆ ಸೈನಿಕನ ಹೆಸರಾಗಲಿ ಬರೆಯಲಿಲ್ಲ. ನಡೆದದ್ದನ್ನು ಕ್ರಮವಾಗಿ ಬರೆಯುತ್ತ ಬಂದಾಗ ಒಂದು ಸಾಲಿನ ಹತ್ತಿರ ಪೆನ್ನು ನಿಂತಿತು. ಕೇಳಿದೆ ಎಂದು ಬರೆದರೆ, ಕೇಳಿದರೂ ಉಪಯೋಗವಿಲ್ಲ ಎಂದು ಓದಿದವರು ತಿಳಿಯುತ್ತಾರೆ. ಗೊತ್ತಿಲ್ಲ ಎಂದು ಬರೆದರೆ ಯಾರೂ ಓದುವುದಿಲ್ಲ. 'ನಾನು ರೋಗಿಯನ್ನು ಔಷಧಿಗಳ ಬಗ್ಗೆ ಕೇಳಲಿಲ್ಲ' ಎಂದು ಬರೆದೆ. ಕೆಳಗೆ ಹೆಸರು, ಪದವಿಗಳು, 'ಅರಿವಳಿಕೆ ಕೊಟ್ಟ ವೈದ್ಯ' ಎಂದು ಸಹಿ. ಒಂದು ಪ್ರತಿಯನ್ನು ಥಿಯೇಟರಿನಲ್ಲಿ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದೆ, ಒಂದನ್ನು ಶಸ್ತ್ರವೈದ್ಯರ ಕೈಗೆ ಕೊಟ್ಟೆ, ಒಂದನ್ನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ.

ಪರವಾನಗಿ ಇಲ್ಲದೆ ವೈದ್ಯವೃತ್ತಿ ನಡೆಸಿದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಅದನ್ನೇ ಕಾರಣವಾಗಿ ತೋರಿಸಿ ಮರುದಿನ ನನ್ನನ್ನು ತೆಗೆದರು. "ನಿನ್ನಂಥೋನಿಗೆ ಉಪಕಾರ ಮಾಡ್ಬಾರ್ದಿತ್ತು," ಎಂದರು ಮುಖ್ಯಸ್ಥರು. ಅವರು ನನ್ನ ಮೇಲೆ ದೂರು ಕೊಡಲಿಲ್ಲ, ಕೊಟ್ಟಿದ್ದರೆ ದಾಖಲೆಗೆ ಸಹಿ ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಮುಶೈರಿಬ್‌ನಲ್ಲಿ ಕಂಪನಿಯ ಒಂದು ಕೋಣೆಯಲ್ಲಿ ವಿಮಾನಕ್ಕಾಗಿ ಹಲವು ದಿನ ಕಾದೆ. ಲಕೋಟೆಯನ್ನು ಹಿಂದಿರುಗಿಸಿದರು, ಶಿಫಾರಸು ಪತ್ರ ಅದರಲ್ಲಿರಲಿಲ್ಲ.

ಹೊರಡುವ ಮುನ್ನಾದಿನ ಟ್ಯಾಂಕರ್ ಡ್ರೈವರ್ ನೋಡಲು ಬಂದ. ಹೊಟ್ಟೆಗೆ ಕೈ ಒತ್ತಿಕೊಂಡೇ ಮೆಟ್ಟಿಲು ಹತ್ತಿದ್ದ.

"ನಿಮ್ಮ ಕಾಗದ ಆ ದಿನವೇ ಹರಿದು ಹಾಕಿದ್ರು ಡಾಕ್ಟ್ರೇ."

"ಗೊತ್ತಿತ್ತು."

"ಆದ್ರೆ ಆ ಮುದುಕ ಸರ್ಜನ್ ಉಂಟಲ್ವಾ, ಅವರಿಗೆ ಹುಚ್ಚು ಹಿಡಿದಿದೆ. ಕಾಲಿಗೆ ಮುಳ್ಳು ಚುಚ್ಚಿತು ಅಂತ ಹೋದ್ರೂ ಮೊದಲು ಜೇಬಿನಿಂದ ಆ ಖಾಲಿ ಪಟ್ಟಿ ತೆಗ್ದು ಮುಖಕ್ಕೆ ಹಿಡೀತಾರೆ. 'ಹಬೂಬ್? ಹಬೂಬ್?' ಅಂತ. ಮಾತ್ರೆ ಅಂತ ಅರಬಿಯಲ್ಲಿ. ಇಲ್ಲ ಅಂದ್ರೆ ನಂಬುದಿಲ್ಲ, ಜೇಬು ತಡಕಾಡ್ತಾರೆ. ನಮ್ಮ ಅಡುಗೆಯವನ ಕೈ ಮುರಿದಿತ್ತು ಮೊನ್ನೆ. ಅವನತ್ರ ಇತ್ತು. ಸಿಕ್ಕಿಬಿದ್ದ."

"ಆಮೇಲೆ?"

"ಮಲಗಿಸ್ಲೇ ಇಲ್ಲ. ಬರೇ ಕೈಗೆ ಇಂಜೆಕ್ಷನ್ ಹಾಕಿ ಮರಗಟ್ಟಿಸಿ ಕಟ್ಟಿದ್ರು. ಅವ ಎಚ್ಚರದಲ್ಲೇ ಬೊಬ್ಬೆ ಹಾಕ್ತಾ ಇದ್ದ."

ಊರಿಗೆ ಬಂದ ಮೇಲೆ ಕೆಲಸ ಸಿಕ್ಕಿತು, ಆಮೇಲೆ ಸಾವಿರಾರು ದಾಖಲೆಗಳಲ್ಲಿ ಸಹಿ ಹಾಕಿದ್ದೇನೆ. ಆ ಬೆಳಿಗ್ಗೆ ಬಿ.ಪಿ. ಪಟ್ಟಿ ಸುತ್ತುವಾಗ ಏನಾಯಿತೆಂದು ಈಗಲೂ ಕೆಲವೊಮ್ಮೆ ನೋಡುತ್ತೇನೆ. ಕೇಳಿದ ನೆನಪು ಮಸುಕಾಗುತ್ತಿದೆ, ಕೇಳದ ನೆನಪು ಗಟ್ಟಿಯಾಗುತ್ತಿದೆ. ಅದು ನಿಜವಾದ್ದರಿಂದಲೋ, ನಾನೇ ಬರೆದು ಸಹಿ ಮಾಡಿದ್ದರಿಂದಲೋ ಹೇಳಲಾರೆ. ಕತಾರಿನಲ್ಲಿ ವೈದ್ಯನಾಗಿ ನಾನು ಸಹಿ ಮಾಡಿದ್ದು ಅದೊಂದೇ ಹೇಳಿಕೆಗೆ. ಅದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.